ಅತ್ತೆ ಹತ್ತಿ ನೋಡಿದ ಸಮುದ್ರ

ತರಕಾರಿ ಚೀಲ ಹಿಡಿದು ಮಲೇಷ್ಯಾದ ಪುಚೊಂಗ್ ಎಲ್‌ಆರ್‌ಟಿ ರೈಲು ನಿಲ್ದಾಣದಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಅತ್ತೆ, ಸೊಸೆ ಕನ್ನಡದಲ್ಲಿ ಮಾತಾಡುತ್ತಿದ್ದರು.

“ಇಂಗ್ಲೆಂಡಿಗೆ ಕರ್ಕೊಂಡು ಹೋಗಿ, ಮಂಡಿ ನೋವು ಅಂತ ಆ ನಾರ್ಫೋಕ್‌ನಲ್ಲಿ ನನ್ನನ್ನ ಬೆಂಚ್ ಮೇಲೆ ಕೂರಿಸಿ ನೀವಿಬ್ರೂ ಹತ್ತೋಕೆ ಹೋದ್ರಿ.”

“ಹಳೇ ಚರ್ಚಿನ ಗೋಪುರ ಅತ್ತೆ. ಮೆಟ್ಟಿಲು ಕಡಿದಾಗಿತ್ತು.”

“ನಾನೂ ಹತ್ತಿದೆ ತಾನೇ?”

“ದೇವರ ಜಾಗ ಅಂತ ಆ ಚಳೀಲಿ ಬರಿಗಾಲಲ್ಲಿ. ಬಾಗಿಲಲ್ಲಿದ್ದ ಅಜ್ಜನ್ನ ನಿಮ್ಮ ಶೂ ಕಾಯೋಕೆ ನಿಲ್ಲಿಸಿ.”

“ಪಾಪ, ಕಾದ್ರು. ತುದೀಲಿ ನಿಂತು ಊರು, ಸಮುದ್ರ ಎಲ್ಲಾ ನೋಡಿದೆ. ಗಂಡ ಹೆಂಡ್ತಿ ನೀವೆಲ್ಲಿದ್ರಿ?”

“ಅರ್ಧದಲ್ಲೇ ಕೂತಿದ್ವಿ.”

“ಮುಂದಿನ ಸಲ ಬೆಂಚು ಯಾರಿಗೆ?”

“ನಮಗೇ ಲಾ,” ಎಂದಳು ಸೊಸೆ, ಮಲೇಷ್ಯಾದವರ ಧಾಟಿಯಲ್ಲಿ.

ಲಿಫ್ಟ್ ಬಂತು. ಸೊಸೆ ಕೈ ಹಿಡಿದಳು. ಅತ್ತೆ ಮೆಲ್ಲಗೆ ಬಿಡಿಸಿಕೊಂಡರು.

“ನೀನು ಇದರಲ್ಲಿ ಬಾ. ಮೇಲೆ ಕಾಯ್ತಿರ್ತೀನಿ,” ಎಂದು ಮೆಟ್ಟಿಲಿನತ್ತ ನಡೆದರು.