ಏಳು ತಲೆಮಾರು ಒಪ್ಪಿಸಿದ ವರ

ಹೆಸರು: ಕಲೀಚಾ ದೂಶೆಯೆವಾ, ಕೋಂ ದಿವಂಗತ ಬೇಶೆನ್. ವಯಸ್ಸು: 46. ಉದ್ಯೋಗ: ತಂದೂರ್ ರೊಟ್ಟಿ ಸುಟ್ಟು ಮಾರುವುದು. ವಾಸ: ಕಿಜಿಲ್-ಬುಲಾಕ್ ಗ್ರಾಮ, ಸಂತೆ ಬೀದಿ, ನಾರಿನ್ ಪ್ರಾಂತ್ಯ, ಕಿರ್ಗಿಸ್ತಾನ.

ಮೇಲ್ಕಂಡ ನಾನು ಇಂದು ಶುಕ್ರವಾರ ಬೆಳಿಗ್ಗೆ ಮಗಳು ಸಾಲ್ಕಿನ್ (22) ಜೊತೆ ಖುದ್ದಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ:

ನನ್ನ ಗಂಡ ತೀರಿಕೊಂಡ ಮೇಲೆ ಮನೆಯ ಹಿರಿತನ ಅವರ ಅಣ್ಣ ಸತಾರ್ ಅವರದು. ಕಳೆದ ಮಾರ್ಚ್‌ನಲ್ಲಿ ಅವರೇ ಸಾಲ್ಕಿನ್‌ಗೆ ಒಂದು ಸಂಬಂಧ ತಂದರು. ವರನ ಹೆಸರು ಎರ್ಮೆಕ್ ಕುಬಾತ್ ಊಲು, ವಯಸ್ಸು 31, ಹಳೆ ಕಾರು ಕೊಂಡು ಮಾರುವವನು. ಮೊದಲಿನ ಹೆಂಡತಿ ತಾನಾಗಿಯೇ ಬಿಟ್ಟು ಹೋದಳೆಂದು ಅವನ ತಾಯಿ ಹೇಳಿದರು.

ಹೆಂಡತಿಗೆ ಹೊಡೆದು ಶಿಕ್ಷೆಯಾದವರ ಹೆಸರು, ಫೋಟೋ ಹಾಕಿರುವ ಸರ್ಕಾರದ ಪಟ್ಟಿಯನ್ನು ಈಗ ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ನಾನೂ ನೋಡಿದೆನು. ಎರ್ಮೆಕ್ ಕುಬಾತ್ ಊಲು ಎಂಬ ಹೆಸರು ಅದರಲ್ಲಿ ಇರಲಿಲ್ಲ. ಮನಸ್ಸು ಹಗುರವಾಯಿತು.

ಓಲೆ ಹಾಕುವ ದಿನ ಅವರ ಕಡೆಯವರು ಬಂದರು. ಹುಡುಗಿಯ ಕಿವಿಗೆ ಅವರ ಓಲೆ ಬಿದ್ದರೆ ಮಾತು ಮುಗಿದಂತೆ. ಅದಕ್ಕೆ ಮೊದಲು ಭಾವನವರು ಪದ್ಧತಿಯಂತೆ ವರನಿಗೆ ಏಳು ತಲೆಮಾರಿನ ಹೆಸರು ಕೇಳಿದರು. ಅವನು ಕುಬಾತ್, ಜೋಲ್ದೋಶ್, ಸಾರಿಬಾಯ್ ಎಂದು ಶುರು ಮಾಡಿ ಏಳೂ ಹೆಸರನ್ನು ತಡವರಿಸದೆ ಒಪ್ಪಿಸಿದನು. ಭಾವನವರು, "ಬೇರು ಗೊತ್ತಿರೋ ಹುಡುಗ. ಇನ್ನೇನು ನೋಡ್ಬೇಕು?" ಎಂದರು. ಏಳು ಜನ ಹಿರಿಯರ ವಿಷಯ ಕೇಳಿದೆವು; ಎದುರಿಗೆ ಕೂತು ಮಾಂಸ ತಿನ್ನುತ್ತಿದ್ದವನ ವಿಷಯ ಒಬ್ಬರೂ ಕೇಳಲಿಲ್ಲ. ಓಲೆ ಹಾಕಿದರು. ನಾನೇ ಮುಂದೆ ನಿಂತು ಹಾಕಿಸಿದೆನು.

ಆಮೇಲೆ ಮಗಳಲ್ಲಿ ಒಂದು ವಿಚಿತ್ರ ಕಂಡಿತು. ಅವನ ಫೋನ್ ಬಂದರೆ ಅವಳು ಎದ್ದು ನಿಂತು ಮಾತಾಡುತ್ತಿದ್ದಳು. ಊಟಕ್ಕೆ ಕೂತಿದ್ದರೂ, ಹಾಸಿಗೆಯಲ್ಲಿದ್ದರೂ ಏಳುತ್ತಿದ್ದಳು. "ಯಾಕೇ, ಫೋನ್‌ನಲ್ಲಿ ಮಿಲಿಟರಿ ಸಾಹೇಬ್ರಿದ್ದಾರಾ?" ಎಂದು ನಾನೇ ಚೇಷ್ಟೆ ಮಾಡಿದ್ದುಂಟು. ಅವಳು ನಗಲಿಲ್ಲ. "ಕೂತ್ಕೊಂಡು ಮಾತಾಡಿದ್ರೆ ಅವರಿಗೆ ಗೊತ್ತಾಗುತ್ತಮ್ಮ, ಧ್ವನೀಲೇ ಗೊತ್ತಾಗುತ್ತಂತೆ" ಎಂದಳು.

ಹೋದ ಸೋಮವಾರ ಹಿಟ್ಟು ನಾದುತ್ತಿದ್ದಾಗ ಅವನು ಒಪ್ಪಿಸಿದ ಹೆಸರುಗಳು ನೆನಪಿಗೆ ಬಂದವು. ಹೊಸ ಪಾಸ್‌ಪೋರ್ಟ್ ಮಾಡಿಸುವವರು ಈಗ ತಂದೆಯ ಹೆಸರಿಗೆ 'ಊಲು', ಅಂದರೆ ಮಗ, ಎಂದು ಸೇರಿಸಿಕೊಳ್ಳುತ್ತಾರೆ. ಹಳೆಯದರಲ್ಲಿ ಅಜ್ಜನ ಹೆಸರಿಗೆ 'ಎವ್' ಸೇರಿಸಿದ್ದೇ ಅಡ್ಡಹೆಸರು. ಅವನ ಅಜ್ಜ ಜೋಲ್ದೋಶ್. ಕೈ ಒರೆಸದೆ ಹಿಟ್ಟಿನ ಬೆರಳಿನಲ್ಲೇ ಎರ್ಮೆಕ್ ಜೋಲ್ದೋಶೆವ್ ಎಂದು ಒತ್ತಿದೆನು. ಪಟ್ಟಿಯಲ್ಲಿ ಅವನ ಮುಖ ಬಂತು. ಗಡ್ಡವಿರಲಿಲ್ಲ, ಕಣ್ಣು ಅವೇ. ಹೆಂಡತಿಯನ್ನು ಹೊಡೆದದ್ದಕ್ಕೆ ಎರಡು ಸಲ ಶಿಕ್ಷೆ. ಎರಡನೆಯದರ ಮುಂದೆ ದವಡೆ ಮುರಿತ ಎಂದಿತ್ತು.

ಫೋನ್ ಹಿಡಿದುಕೊಂಡು ಭಾವನವರ ಮನೆಗೆ ಓಡಿದೆನು, ಓಲೆ ಹಿಂದಿರುಗಿಸೋಣ ಎಂದೆನು. ಅವರು ಓದಿ ಫೋನ್ ಹಿಂದಕ್ಕೆ ಕೊಟ್ಟರು. ಕೆಟ್ಟ ಮನುಷ್ಯರಲ್ಲ, ಆದರೆ ಹಳೆಯ ಕಾಲದವರು. "ಕೊಲೆಗಾರನಿಗೂ ಊಟದ ಬಟ್ಟೆ ಹಾಸಿ ಎದುರಿಗೆ ಕೂರಿಸಿ ಕೇಳೋದು ನಮ್ಮ ರೀತಿ ತಂಗಿ. ಬೆನ್ನ ಹಿಂದೆ ಓಲೆ ಕಳಿಸಿದ್ರೆ ನಾಳೆ ನಮ್ಮನೆ ಹೆಣ್ಣು ಕೇಳೋಕೆ ನಾಯೀನೂ ಬರಲ್ಲ" ಎಂದರು. ಬೇಡವೆಂದು ಬೇಡಿಕೊಂಡೆನು. ಕೇಳಲಿಲ್ಲ. ಬುಧವಾರ ಮಧ್ಯಾಹ್ನ ಅವನನ್ನು ಕರೆಸಿದರು.

ಅವನು ಬಂದು ಚಹಾ ಕುಡಿದು, ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದನು. ಅದು ಹಳೆಯ ಕಥೆ, ಕುಡಿತದ ದಿನಗಳು, ಈಗ ಬಿಟ್ಟಿದ್ದೇನೆ ಎಂದು ಅತ್ತನು. ಭಾವನವರ ಕಣ್ಣೂ ಒದ್ದೆಯಾಯಿತು. "ದವಡೆ ಮುರಿಸಿಕೊಂಡ ಆ ಹುಡುಗಿ ಈಗ ಅಗಿದು ತಿನ್ನೋ ಹಾಗಿದ್ದಾಳಾ?" ಎಂದು ನಾನು ಕೇಳಿದೆನು. ಭಾವನವರು, "ಸಾಕು ಬಿಡಮ್ಮ, ಮನುಷ್ಯ ಅಳ್ತಾ ಇದ್ದಾನೆ" ಎಂದು ನನ್ನನ್ನೇ ಗದರಿದರು. ಹೊರಡುವಾಗ ಅವನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ತಲೆ ಎತ್ತದೆ, "ಅತ್ತೆ, ಹುಡುಕಿದ್ದು ನೀವಾ?" ಎಂದು ಮೆಲ್ಲಗೆ ಕೇಳಿದನು. ಕಣ್ಣಲ್ಲಿ ನೀರಿನ ಗುರುತೂ ಇರಲಿಲ್ಲ.

ನಿನ್ನೆ ಗುರುವಾರ ಸುಮಾರು ಹನ್ನೊಂದು ಗಂಟೆಗೆ ನಾನೂ ಸಾಲ್ಕಿನ್ನೂ ರೊಟ್ಟಿ ಕೋಣೆಯಲ್ಲಿದ್ದೆವು. ಹೊರಗೆ ಅವನ ಕಾರು ನಿಂತಿತು. ನಾನು ಏನಾದರೂ ಹೇಳುವ ಮೊದಲೇ ಮಗಳು ಹಿಟ್ಟಿನ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಅವನು ಒಳಗೆ ಬಂದು ಬಾಗಿಲ ಚಿಲಕ ಹಾಕಿದನು. ನನ್ನ ಕೈಯಲ್ಲಿ ರೊಟ್ಟಿ ಕೀಳುವ ಕಬ್ಬಿಣದ ಕೊಕ್ಕೆ ಇತ್ತು. ಅದರ ತುದಿಯನ್ನು ತಂದೂರಿನ ಕೆಂಡದೊಳಗೆ ಇಳಿಸಿದೆನು.

"ಸಾಲ್ಕಿನ್ ಎಲ್ಲಿ ಅತ್ತೆ?" ಎಂದನು. ಬಿಶ್ಕೆಕ್‌ಗೆ ಹೋಗಿದ್ದಾಳೆ ಎಂದೆನು. ಅವನು ಬಿಸಿ ರೊಟ್ಟಿಯೊಂದನ್ನು ತೆಗೆದು ಹಲಗೆಯ ಮೇಲೆ ಬೋರಲಾಗಿ ಇಟ್ಟನು. ನಮ್ಮಲ್ಲಿ ಮೂರು ವರ್ಷದ ಮಗುವೂ ರೊಟ್ಟಿಯನ್ನು ಬೋರಲು ಇಡುವುದಿಲ್ಲ, ಅದು ಮನೆಗೆ ಕೇಡು. ನನ್ನ ಮುಖ ನೋಡುತ್ತಲೇ ಇನ್ನೊಂದನ್ನೂ ಹಾಗೆಯೇ ಇಟ್ಟನು. "ಮೊದಲನೆಯವಳಿಗೂ ಅಮ್ಮ ಇದ್ರು. ಅವರೂ ನಿಮ್ಮ ಹಾಗೇ ಬುದ್ಧಿವಂತರು" ಎಂದನು. ಅವರಿಗೆ ಏನಾಯಿತೆಂದು ಹೇಳಲಿಲ್ಲ.

ಆಮೇಲೆ ಜೇಬಿನಿಂದ ಫೋನ್ ತೆಗೆದು, "ಬಿಶ್ಕೆಕ್‌ನಲ್ಲಿ ಹವಾ ಹೇಗಿದೆ ಕೇಳೋಣ" ಎಂದು ಮಗಳ ನಂಬರಿಗೆ ಹಚ್ಚಿದನು. ಅವಳು ಫೋನಿನ ಸದ್ದು ಆರಿಸಿಟ್ಟಿದ್ದಳು. ಕೋಣೆಯಲ್ಲಿ ತಂದೂರಿನ ಕೆಂಡದ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ದೇವರು ಕಾಪಾಡಿದ ಎಂದುಕೊಂಡೆನು.

ಆಗ ಸಾಲ್ಕಿನ್ ಎದ್ದು ನಿಂತಳು.

ಯಾರೂ ಅವಳನ್ನು ಕರೆದಿರಲಿಲ್ಲ. ಅವಳ ಅಂಗೈಯಲ್ಲಿ ಫೋನ್ ಅದುರುತ್ತಿತ್ತು, ಅಷ್ಟೇ. ತಲೆಗೆ ಹಿಟ್ಟು ಮೆತ್ತಿಕೊಂಡಿತ್ತು. ತಾನು ನಿಂತಿದ್ದೇನೆಂದು ಅವಳಿಗೇ ಆಮೇಲೆ ತಿಳಿಯಿತು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವನು ನಕ್ಕು, "ನೋಡಿದ್ರಾ ಅತ್ತೆ? ನೀವು ಇಪ್ಪತ್ತೆರಡು ವರ್ಷ ಸಾಕಿ ಕಲಿಸದೇ ಇದ್ದದ್ದನ್ನ ನಾನು ಎರಡು ತಿಂಗಳಲ್ಲಿ ಕಲಿಸಿದೀನಿ" ಎಂದನು. ಮೂಟೆಯ ಮೇಲಿಂದ ಕೈ ಚಾಚಿ ಅವಳ ಎಡಗಿವಿಯ ಓಲೆ ಹಿಡಿದು ತನ್ನ ಕಡೆಗೆ ಎಳೆದನು. ಕಿವಿ ಹರಿಯಿತು. ಅವಳು ಕೂಗಲಿಲ್ಲ. ಕೂಗಿದ್ದು ನಾನು. ಕೆಂಡದಲ್ಲಿದ್ದ ಕೊಕ್ಕೆ ಎತ್ತಿ ಇಬ್ಬರ ನಡುವೆ ಹಿಡಿದೆನು.

ಪಕ್ಕದ ಮಾಂಸದಂಗಡಿಯ ಜೂಮಾಶ್ ನನ್ನ ಕೂಗು ಕೇಳಿ ಬಂದು ಬಾಗಿಲು ಬಡಿದು, "ಕಲೀಚಾ ಅಕ್ಕ, ಏನಾಯ್ತು? ಬಾಗಿಲು ತೆಗೀತೀಯೋ ಒಡೀಲೋ?" ಎಂದು ಕಿರುಚಿದನು. ಎರ್ಮೆಕ್ ಓಲೆ ಬಿಟ್ಟನು. ರೊಟ್ಟಿಗಳನ್ನು ಒಂದೊಂದಾಗಿ ಸರಿಯಾಗಿ ತಿರುಗಿಸಿಟ್ಟು, "ಶನಿವಾರ ಕಾರು ತರ್ತೀನಿ. ಓಲೆ ಹಾಕಿದ ಹುಡುಗಿ ನನ್ನವಳು. ಕೊಟ್ರೆ ಸರಿ, ಇಲ್ಲಾಂದ್ರೆ ಹೊತ್ತುಕೊಂಡು ಹೋಗೋದೂ ಈ ಕಣಿವೆಗೆ ಹೊಸದೇನಲ್ಲ" ಎಂದು ಹೇಳಿ ಚಿಲಕ ತೆಗೆದು ಹೋದನು. ಹೋಗುವಾಗ ಜೂಮಾಶ್‌ಗೆ ಸಲಾಂ ಹೇಳಿದನು.

ಶನಿವಾರವೆಂದರೆ ನಾಳೆ. ನನಗೆ ಹೆದರಿಕೆಯಾಗಿದೆ. ಅವನನ್ನು ನನ್ನ ಮಗಳ ಹತ್ತಿರ ಬರದಂತೆ ತಡೆಯಬೇಕು. ಪಟ್ಟಿಯಲ್ಲಿ ಅವನ ಹೊಸ ಹೆಸರನ್ನೂ ಹಾಕಬೇಕು, ಮುಂದಿನ ಹುಡುಗಿಯ ತಾಯಿಗೆ ಅವನ ಅಜ್ಜನ ಹೆಸರು ನೆನಪಿರಲಿಕ್ಕಿಲ್ಲ. ಹರಿದ ಕಿವಿಗೆ ಮೂರು ಹೊಲಿಗೆ ಬಿದ್ದಿವೆ, ವೈದ್ಯರ ಚೀಟಿ ಕೊಟ್ಟಿದ್ದೇನೆ. ಎರಡೂ ಓಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಈ ಮೇಜಿನ ಮೇಲೆ ಇಟ್ಟಿದ್ದೇನೆ. ಅವನ್ನು ಭಾವನವರ ಕೈಯಿಂದಲ್ಲ, ಪೊಲೀಸರ ಕೈಯಿಂದಲೇ ಹಿಂದಿರುಗಿಸಬೇಕಾಗಿ ಕೋರುತ್ತೇನೆ.

ಇನ್ನೊಂದು ವಿಷಯವನ್ನೂ ಬರೆದುಕೊಳ್ಳಬೇಕು. ನಾನು ಇದನ್ನು ಹೇಳುತ್ತಿದ್ದಾಗ, ಈಗ ತಾನೇ, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಮಗಳಿಗೆ ಅವನ ಫೋನ್ ಬಂತು. ಅವಳು ಎದ್ದು ನಿಂತಳು. ಬರೆದುಕೊಳ್ಳುತ್ತಿದ್ದ ಅಧಿಕಾರಿಯವರೂ ಕಣ್ಣಾರೆ ನೋಡಿದ್ದಾರೆ. "ಕೂತ್ಕೋ ಕಂದ, ಇದು ಪೊಲೀಸ್ ಠಾಣೆ, ಅವನಿಲ್ಲಿಲ್ಲ" ಎಂದು ಕೈ ಹಿಡಿದು ಎಳೆದೆನು. ಫೋನ್ ನಿಂತಿತು. ಅವಳು ಇನ್ನೂ ಕೂತಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದ್ದೇ ಇದೆ, ನಡೆದದ್ದೇ ಇದೆ.

ಸ್ಥಳ: ಕಿಜಿಲ್-ಬುಲಾಕ್
ದಿನಾಂಕ: ಮೇ 16, ಶುಕ್ರವಾರ

ಸಹಿ: ಕಲೀಚಾ ದೂಶೆಯೆವಾ

ಸಾಕ್ಷಿ ಸಹಿ: ಸಾಲ್ಕಿನ್ ದೂಶೆಯೆವಾ (ಕುರ್ಚಿ ಕೊಟ್ಟರೂ ನಿಂತುಕೊಂಡೇ ಸಹಿ ಮಾಡಿರುತ್ತಾರೆ)