ಹಂಡೆ ಒಲೆ ಇದ್ದ ಮೂಲೆ

ಇದನ್ನು ನನಗೆ ಮೊದಲು ಹೇಳಿದ್ದು ನನ್ನ ದೊಡ್ಡಮ್ಮನ ಮಗಳು, ಮಾಂಬಳ್ಳಿಯ ಕವಿತ. ಸುಳ್ಳು ಕಟ್ಟಿ ಹೇಳುವಷ್ಟು ಪುರುಸೊತ್ತು ಅವಳಿಗಿಲ್ಲ. ಹಾಗಾಗಿ ನಂಬಿದೆ.

ಅವತ್ತು ಅವಳು ಕೊಳ್ಳೇಗಾಲದಿಂದ ಕಡೇ ಬಸ್ಸಿಗೆ ಬಂದಿಳಿದಿದ್ದಳು. ನೀರು ಕಾಸುವ ಹೀಟ್ ಪಂಪ್ ಮಾರಿದ ಅಂಗಡಿಯವನ ಜೊತೆ ಜಗಳವಾಡಿ ಗಂಟಲು ಕಟ್ಟಿತ್ತು. ಹಾಳುಬಾವಿ ದಾಟಿದಳು... ಮೂಗಿಗೆ ತೆಂಗಿನ ಮಟ್ಟೆಯ ಹೊಗೆ. ಅವಳ ಮನೆ ಕಡೆಯಿಂದಲೇ. ಆದರೆ ಆ ಮನೆಯಲ್ಲಿ ಸೌದೆ ಒಲೆಯೇ ಇಲ್ಲ.

ಇತ್ತು, ಬಚ್ಚಲಲ್ಲಿ. ಅವಳ ಅತ್ತೆ ಚಿಕ್ಕಬಸಮ್ಮ ಬದುಕಿರುವವರೆಗೂ ಆ ಹಂಡೆ ಒಲೆಗೆ ಇನ್ನೊಬ್ಬರು ಉರಿ ಹಾಕುವಂತಿರಲಿಲ್ಲ. ಅವರು ತೀರಿಕೊಂಡರು. ಕವಿತಳ ಮಗಳು ಸಿಂಧು ಬಾಣಂತನಕ್ಕೆ ಬರುವವಳಿದ್ದಳು. ಹಂಡೆಯನ್ನು ಹಳೇ ತಾಮ್ರಕ್ಕೆ ಹಾಕಿ, ಒಲೆ ಒಡೆಸಿ, ಟೈಲ್ಸ್ ಹಾಸಿದರು.

ಮುಂದೇನು? ಸೋಲಾರ್ ಎಂದರೆ ತಾರಸಿಗೆ ಪಕ್ಕದ ಮನೆ ಹುಣಸೆಮರದ ನೆರಳು. ಗ್ಯಾಸ್ ಗೀಸರ್ ಎಂದರೆ ಕಿಟಕಿಯಿಲ್ಲದ ಬಚ್ಚಲು. ಕರೆಂಟ್ ಗೀಸರ್ ಎಂದರೆ ಗಂಡ ಮಹದೇವಪ್ರಸಾದನಿಗೆ ಬಿಲ್ಲಿನ ಜ್ವರ. ಕೊನೆಗೆ ಈ ಹೀಟ್ ಪಂಪ್.

"ಇದು ಕಾವು ಹುಟ್ಸಲ್ಲ ಅಕ್ಕ. ಗಾಳೀಲಿರೋ ಕಾವ ಎಳ್ದು ನೀರಿಗೆ ಸಾಗಿಸ್ತದೆ, ಅಷ್ಟೇಯ," ಎಂದಿದ್ದ ಮೆಕ್ಯಾನಿಕ್ ಸತೀಶ್.

ಸಾಗಿಸಿದ್ದೂ ಸಾಗಿಸಿತು... ರಾತ್ರಿ ಐವತ್ತೈದು ಡಿಗ್ರಿ ತೋರಿಸಿದ ಟ್ಯಾಂಕಿನಲ್ಲಿ ಬೆಳಗ್ಗೆ ಬಾವಿ ನೀರು. ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ಕಾಸಿ ಹೊಯ್ದರೂ ಬಾಣಂತಿಗೆ ಸಾಲದು. ಸಿಂಧುವಿಗೆ ಶೀತ ಹತ್ತಿತು. ಮೈ ನಡುಕ ಬಿಡಲಿಲ್ಲ. ಸತೀಶ್ ಬಂದಾಗಲೆಲ್ಲ ಒಂದೇ ಪಲ್ಲವಿ: "ಮಿಷನ್ ಸರಿಯಾಗೇ ಅದೆ ಅಕ್ಕ. ನೀವೇ ನಲ್ಲಿ ಬುಟ್ಟಿರ್ತೀರ."

ಹೊಗೆ ಮೂಗಿಗೆ ಬಡಿದ ಆ ರಾತ್ರಿ ಬಾಗಿಲು ತೆಗೆದವಳು ಸಿಂಧು. ತುಟಿಯ ಮೇಲೆ ಬೆರಳು.

"ಅವ್ವ... ಬಚ್ಚಲಲ್ಲಿ ಯಾರೋ ಅವ್ರೆ."

"ನಿಮ್ಮಪ್ಪ?"

"ಮನಗವ್ರೆ. ಕೇಳ್ಸ್ಕೊ..."

ಹಿತ್ತಲಲ್ಲಿ ಮಿಷನ್ನಿನ ಗುಂಯ್ ಸದ್ದು. ಟಕ್... ನಿಂತಿತು. ನೀರು ಕಾದಿದೆ ಎಂದರ್ಥ. ಆಮೇಲೆ ಬಚ್ಚಲೊಳಗೆ... ಫೂ... ಫೂ... ಊದುಕೊಳವೆಯ ಉಸಿರು. ಚಟ್ ಎಂದು ಚಿಪ್ಪು ಸಿಡಿಯಿತು. ನಡುವೆ ಒಂದು ಒಣಕೆಮ್ಮು.

"ಅಜ್ಜಿ ಕೆಮ್ಮು ಕಣವ್ವ..."

"ಸುಮ್ನಿರು. ಮಗ ಎದ್ದದು."

ಕವಿತ ಬಾಗಿಲು ನೂಕಿ ಲೈಟು ಹಾಕಿದಳು. ಯಾರೂ ಇಲ್ಲ. ನಲ್ಲಿ ಬಿಗಿಯಾಗಿದೆ. ಟ್ಯಾಂಕಿನ ಮೇಲಿನ ಕೆಂಪು ಅಂಕಿ ಮಾತ್ರ... ಐವತ್ತೈದು ಇದ್ದದ್ದು ಕಣ್ಣೆದುರೇ ಐವತ್ತು. ನಲವತ್ತು. ಮೂವತ್ತು. ಒಂದು ಹೆಜ್ಜೆ ಹಿಂದೆ ಸರಿದಳು. ಹಿಮ್ಮಡಿ ಚುರ್ ಎಂದಿತು. ಹಂಡೆ ಒಲೆ ಇದ್ದ ಮೂಲೆ. ಟೈಲ್ಸು ಸುಡುತ್ತಿತ್ತು.

ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವಳಿಗೆ ಬಂದದ್ದು ಸಿಟ್ಟು. ಅಂಗಡಿಯವನು, ಮೆಕ್ಯಾನಿಕ್ಕು, ಗಂಡ, ಎಲ್ಲರೂ ಇವಳದೇ ತಪ್ಪು ಎಂದವರೇ. ಈಗ ಸತ್ತವರೂ ಸೇರಿಕೊಂಡರೆ?

"ಅತ್ತೆಮ್ಮ," ಎಂದಳು, ಹಲ್ಲು ಕಚ್ಚಿ, ಮೆಲ್ಲಗೆ. "ಕಾವೆಲ್ಲ ಎಳ್ಕಂಡು ನೆಲಕ್ಕೆ ಸುರುದ್ರೆ ಯಾರಿಗೇನು ಬಂತು? ಮೊಮ್ಮಗಳು ನಡುಗ್ತಾವ್ಳೆ. ಕಾಸಂಗಿದ್ರೆ ನೆಟ್ಟಗೆ ಕಾಸಿ. ಇಲ್ದಿದ್ರೆ ಮಿಷನ್ನ ಅದರ ಪಾಡಿಗೆ ಬುಡಿ."

ದೊಡ್ಡ ತಪ್ಪಲೆಯ ತುಂಬ ನೀರು ಹಿಡಿದು ಆ ಟೈಲ್ಸಿನ ಮೇಲೆ ಕುಕ್ಕಿ ಬಂದಳು.

ಬೆಳಗ್ಗೆ ತಪ್ಪಲೆಗೆ ಕೈ ಅದ್ದಲಾಗಲಿಲ್ಲ. ಸಿಂಧುವಿಗೆ ಮೈ ಕೆಂಪಾಗುವಂತೆ ಎರೆದು, ಹೊದಿಸಿ ಮಲಗಿಸಿದರು. ಮೊದಲ ಸಲ ಬೆವತು ನಿದ್ದೆ ಹೋದಳು. ಬಾಣಂತನ ಮುಗಿಯುವವರೆಗೂ ಹೀಗೇ... ಟ್ಯಾಂಕು ತಣ್ಣಗೆ, ತಪ್ಪಲೆ ಕೊತಕೊತ. ಯಾವತ್ತೂ ತಣ್ಣೀರಲ್ಲೇ ಮೀಯುವ ಮಹದೇವಪ್ರಸಾದ್ ಮಾತ್ರ ಮಿಷನ್ ರಿಪೇರಿಯಾಯಿತೆಂದು ಊರಿಗೆಲ್ಲ ಶಿಫಾರಸು ಮಾಡುತ್ತಿದ್ದ.

ಸಿಂಧು ಮಗು ಎತ್ತಿಕೊಂಡು ಹನೂರಿನ ಗಂಡನ ಮನೆಗೆ ಹೊರಟ ದಿನ ಟೈಲ್ಸು ತಣ್ಣಗಾಯಿತು. ಮಾರನೆಯ ಬೆಳಗ್ಗೆ ನಲ್ಲಿ ತಿರುಗಿಸಿದರೆ ಹಬೆ!

"ನಾ ಯೋಳ್ನಿಲ್ವಾ ಅಕ್ಕ, ಮಿಷನ್ ಸರಿಯಾಗೇ ಅದೆ ಅಂತ?" ಎಂದ ಸತೀಶ್. ಅವನ ತಲೆಯ ಮೇಲೆ ತಪ್ಪಲೆ ಕುಕ್ಕಬೇಕೆನಿಸಿತಂತೆ.

ಇದು ನಡೆದದ್ದೇ ಕಣ್ರಿ. ನಾನೇ ಹೋಗಿ ನೋಡಿದೆ. ಟೈಲ್ಸಿನ ಮೇಲೊಂದು ಮಸಿಯ ದುಂಡು ಗುರುತು. ಆಸಿಡ್ ಹಾಕಿ ಉಜ್ಜಿದರೂ ಹೋಗಿಲ್ಲ. ತಪ್ಪಲೆಯದಿರಬೇಕೆಂದು ತಂದು ಇಟ್ಟು ನೋಡಿದೆವು. ಗುರುತು ಅದಕ್ಕಿಂತ ಅಗಲ... ಹಂಡೆಯ ತಳದಷ್ಟು.

ನಿಮ್ಮ ಕಡೆ ಯಾರಾದರೂ ಹಂಡೆ ಒಲೆ ಒಡೆಸುವವರಿದ್ದರೆ, ಅದರಲ್ಲೂ ಮನೆಗೆ ಬಾಣಂತಿ ಬರುವಂತಿದ್ದರೆ, ಇಷ್ಟನ್ನು ಅವರ ಕಿವಿಗೆ ಹಾಕಿ.