ನಾಯಿಯ ಪಾಲಾದ ಟರ್ಕಿ

“ನಾಯಿಗೆ ಹಾಕ್ದೆ” ಎಂಬ ಮಾತು ಕಿವಿಗೆ ಬಿದ್ದದ್ದೇ ಟರ್ಕಿ ಕೋಳಿ ಕಟ್ಟಿಕೊಡುತ್ತಿದ್ದ ವರ್ನಾಳ ಕೈ ನಿಂತಿತು. ನಾಳೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಮೆರಿಕದ ವರ್ಮಾಂಟಿನ ಆ ಕೊಟ್ಟಿಗೆಯ ಮುಂದೆ ಹಬ್ಬದೂಟಕ್ಕೆ ಟರ್ಕಿ ಒಯ್ಯುವವರ ಸಾಲು. ಹಳೇ ತಳಿಯ ಆ ಹಕ್ಕಿಗಳನ್ನು ಹುಲ್ಲುಗಾವಲಿಗೆ ಬಿಟ್ಟು, ನರಿಯಿಂದ ಕಾಪಾಡಿ ಸಾಕಿದವಳು ವರ್ನಾಳೇ. ಹಲಗೆ ಗೋಡೆಯಾಚೆ ಸಾಲಿನಲ್ಲಿ ನಿಂತು ಮಾತಾಡುತ್ತಿದ್ದವರು ಹೋದ ವರ್ಷವೂ ಇಲ್ಲಿಂದಲೇ ಟರ್ಕಿ ಒಯ್ದಿದ್ದ ಕೊರಿನ್ ಮತ್ತು ಅವಳಕ್ಕ.

“ಅಷ್ಟು ಒಳ್ಳೇ ಟರ್ಕೀನ ನಾಯಿಗಾ?”

“ಮೆಲ್ಲಗೆ ಮಾತಾಡಕ್ಕಾ. ಅಂಗಡಿ ಟರ್ಕಿ ಥರಾನೇ ಗಂಟೆಗಟ್ಟಲೆ ಬೇಯಿಸ್ಬಿಟ್ಟೆ. ಒಣಗಿ ಕಟ್ಟಿಗೆ ಆಗಿತ್ತು.”

“ಮತ್ತೆ ಊಟಕ್ಕೇನ್ ಮಾಡ್ದೆ?”

“ಓಡ್ಹೋಗಿ ಅಂಗಡೀಲಿ ಬೇಯಿಸಿಟ್ಟಿದ್ದನ್ನೇ ತಂದೆ.”

“ಯಾರಿಗೂ ಗೊತ್ತಾಗ್ಲಿಲ್ವೇನೇ?”

“ಮಾವ ಒಂದು ತುಂಡು ತಿಂದು ಕಣ್ಣೀರು ಹಾಕಿದ್ರು. ನಮ್ಮಮ್ಮ ಸಾಕ್ತಿದ್ದ ಹಕ್ಕೀದೇ ರುಚಿ ಅಂದ್ರು.”

“ನೀನೇನಂದೆ?”

“ಇನ್ನೊಂದು ಚೂರು ಬಡಿಸ್ದೆ.”

“ಥೂ, ನಿನ್ನ!”

“ಬಯ್ಯಬೇಡಕ್ಕಾ. ಮಾವ ಈಗ ಕಾರಲ್ಲೇ ಕೂತಿದ್ದಾರೆ. ಸಾಕಿದೋರ ಕೈ ಕುಲುಕಲೇಬೇಕಂತೆ.”

ಅವರ ಸರದಿ ಬಂತು. ವರ್ನಾ ಟರ್ಕಿಯನ್ನು ಕೊರಿನ್‌ಳ ಕೈಗಿಟ್ಟಳು.

“ಇದನ್ನ ಜಾಸ್ತಿ ಹೊತ್ತು ಬೇಯಿಸ್ಬೇಡಮ್ಮಾ.”

ಕೊರಿನ್‌ಳ ಮುಖ ಕಿವಿಯವರೆಗೂ ಕೆಂಪೇರಿತು. ವರ್ನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಬಂದಳು.

“ನಡಿ, ನಿಮ್ಮ ಮಾವನ್ನ ಮಾತಾಡಿಸ್ತೀನಿ.”

“ಅವ್ರು... ನಿದ್ದೆ ಮಾಡ್ತಿದ್ದಾರೆ,” ಎಂದವಳು ತಲೆ ಎತ್ತಲಿಲ್ಲ. ಅಕ್ಕನನ್ನು ಎಳೆದುಕೊಂಡೇ ಹೋದಳು.

ಕಾರು ಗೇಟು ದಾಟಿತು. ವರ್ನಾಳ ಕೈ ಕುಲುಕಲೆಂದು ಕಿಟಕಿಯಿಂದ ಚಾಚಿದ್ದ ಮಾವನ ಕೈ ರಸ್ತೆಯ ತಿರುವಿನವರೆಗೂ ಹಾಗೇ ಇತ್ತು.